ಅಮ್ಮ ಗುರುತು ಹಿಡಿದ ಸಾಹುಕಾರ

ಟಿವಿಯಲ್ಲಿ ಏನೇ ಬಂದರೂ ನಮ್ಮಮ್ಮ ಅದರ ಜೊತೆ ಮಾತಾಡುತ್ತಾಳೆ. ಸುದ್ದಿ ಓದುವ ಹುಡುಗಿಗೆ "ಉಸ್ರು ತಗೊಳ್ಳೇ ತಾಯಿ" ಎನ್ನುತ್ತಾಳೆ. ಅಡುಗೆ ಕಾರ್ಯಕ್ರಮದವನಿಗೆ "ಒಗ್ರಣೆ ಸೀದೋಯ್ತು ಕಣಪ್ಪ, ಮಾತು ಆಮೇಲಾಡು" ಎನ್ನುತ್ತಾಳೆ. ಎಂಬತ್ತೊಂದು ವರ್ಷದ ಹೆಂಗಸು. ಮೊಣಕಾಲು ಹಿಡಿದುಕೊಂಡಿವೆ, ಆದರೆ ಗಂಟಲಿಗೆ ಮಾತ್ರ ವಯಸ್ಸಾಗಿಲ್ಲ. ಪಕ್ಕದ ಮನೆಯವರು ತಮ್ಮ ಟಿವಿಯ ಸೌಂಡು ತಗ್ಗಿಸಿ ನಮ್ಮನೆಯ ಕಾಮೆಂಟರಿ ಕೇಳುತ್ತಾರೆ ಎಂದು ನನ್ನ ಮಗಳು ನಿಧಿ ತಮಾಷೆ ಮಾಡುತ್ತಾಳೆ.

ಕಳೆದ ಅವರೇಕಾಯಿ ಕಾಲದಲ್ಲಿ, ಒಂದು ಭಾನುವಾರ ಮಧ್ಯಾಹ್ನ, ನಿಧಿ ಹೊಸದೊಂದು ವೆಬ್ ಸೀರೀಸ್ ಹಾಕಿದಳು. ಹಡಗಿನಲ್ಲಿ ಕೆಲಸ ಮಾಡುವ ಒಬ್ಬ ಬಡ ಹುಡುಗ. ಅವನ ಮದುವೆಗೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಜೊತೆಗಿದ್ದವರೇ ಸುಳ್ಳು ದೂರು ಕೊಟ್ಟು ಸಮುದ್ರದ ನಡುವಿನ ಸೆರೆಮನೆಗೆ ತಳ್ಳಿಸುತ್ತಾರೆ. ಹದಿನಾಲ್ಕು ವರ್ಷ ಕೊಳೆತು, ತಪ್ಪಿಸಿಕೊಂಡು, ಎಲ್ಲೋ ಹೂತಿಟ್ಟ ಹೊನ್ನು ಹುಡುಕಿ, ದೊಡ್ಡ ಸಾಹುಕಾರನಾಗಿ ಬೇರೆ ಹೆಸರಿನಲ್ಲಿ ಊರಿಗೆ ಬರುತ್ತಾನೆ. ಬಂದು ಒಬ್ಬೊಬ್ಬರ ಮೇಲೂ ಸೇಡು ತೀರಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಅವನ ಹುಡುಗಿ ಆ ದ್ರೋಹಿಗಳಲ್ಲೊಬ್ಬನನ್ನೇ ಮದುವೆಯಾಗಿರುತ್ತಾಳೆ.

ಅಮ್ಮ ಮೊರದ ತುಂಬ ಅವರೇಕಾಳು ಹಾಕಿಕೊಂಡು ಹಿಚುಕುತ್ತಾ ಕೂತಿದ್ದಳು. ಮೂರನೇ ಕಂತಿನಲ್ಲಿ ಸಾಹುಕಾರ ಒಂದು ಔತಣಕ್ಕೆ ಬಂದ. ಹಳೆಯ ಪ್ರೇಯಸಿ ಎದುರಿಗೇ ನಿಂತು, ಯಾರೋ ಹೊಸ ಮನುಷ್ಯ ಎಂಬಂತೆ ನಮಸ್ಕಾರ ಹೇಳಿದಳು. ಅಮ್ಮನ ಕೈ ನಿಂತಿತು.

"ಅವ್ಳಿಗೆ ಗುರುತು ಸಿಗ್ಲಿಲ್ವಾ?"

"ಇಲ್ಲ ಅಜ್ಜಿ, ಏಳನೇ ಎಪಿಸೋಡಲ್ಲಿ ಸಿಗುತ್ತೆ" ಎಂದಳು ನಿಧಿ.

"ಏಳ್ನೇದ್ರವರ್ಗೂ ಏನು ಕಡ್ಲೆಕಾಯಿ ಬಿಡಿಸ್ತಿರ್ತಾಳಾ? ಆಫ್ ಮಾಡು ಬುಡು. ಕಥೆ ಗೊತ್ತಿಲ್ದೋರು ಮಾಡವ್ರೆ."

ನಿಧಿ ನಕ್ಕು ಬೇರೆ ಚಾನೆಲ್ ಹಾಕಿದಳು. ನನಗೆ ಮಾತ್ರ ಆ ದಿನವೆಲ್ಲ ತಲೆ ಹಿಂದಕ್ಕೇ ಓಡುತ್ತಿತ್ತು.

ಓದುವ ಅಭ್ಯಾಸ ಇರುವ ನಿಮಗೆ ಯಾವ ಕಾದಂಬರಿಯ ಮಾತು ಇದು ಎಂದು ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ಹೆಸರನ್ನು ನಾನು ಬೇಕೆಂದೇ ಹೇಳುತ್ತಿಲ್ಲ. ಯಾಕೆಂದರೆ ನಮ್ಮ ಗುಬ್ಬಿಯ ಮನೆಯಲ್ಲಿ ಆ ಪುಸ್ತಕಕ್ಕೆ ಹೆಸರೇ ಇರಲಿಲ್ಲ. ರಟ್ಟು ಹೋಗಿತ್ತು, ಮೊದಲ ಹಾಳೆಗಳು ಹೋಗಿದ್ದವು, ಕೊನೆಯಲ್ಲೂ ಯಾರೋ ಹರಿದಿದ್ದರು. ಬರೆದವರು ಯಾರು, ಕನ್ನಡಕ್ಕೆ ತಂದವರು ಯಾರು, ಒಂದೂ ಗೊತ್ತಿಲ್ಲ. ಹಾರ್ಮೋನಿಯಂ ತಿಮ್ಮಯ್ಯ ಮೇಷ್ಟ್ರು ಅದನ್ನು ರದ್ದಿ ಅಂಗಡಿಯಿಂದ ಎತ್ತಿಕೊಂಡು ಬಂದು ನಮ್ಮಮ್ಮನ ಮುಂದಿಟ್ಟು, "ನೋಡಮ್ಮ, ಇದ್ರಲ್ಲೊಂದು ನಾಟ್ಕ ಐತೆ" ಎಂದಿದ್ದರಂತೆ. ಅಮ್ಮನಿಗೆ ಓದು ನಿಧಾನ. ಹಾಗಾಗಿ ನಾಲ್ಕನೇ ಕ್ಲಾಸಿನ ನಾನು ಜಗಲಿಯ ಮೇಲೆ ಕೂತು ಒಂದೊಂದೇ ಪುಟ ಓದಿ ಹೇಳಿದೆ. 'ನಾವಿಕ' ಎಂದರೆ ಕ್ಷೌರದ ನಾಯಿಂದನೋ ಏನೋ ಎಂದುಕೊಂಡು ಓದಿದ್ದೇನೆ. ಇಂಗ್ಲಿಷ್ ಉಪನ್ಯಾಸಕಿಯಾದ ನನ್ನ ಸಾಹಿತ್ಯಾಭ್ಯಾಸ ಅಲ್ಲಿಂದ ಶುರುವಾಯಿತು ಎಂದು ಈಗ ಜಂಬ ಕೊಚ್ಚಿಕೊಳ್ಳಬಹುದು.

ನಮ್ಮಮ್ಮ ನಾಟಕದ ಕಲಾವಿದೆ. ಹೆಸರು ಸಾಕಮ್ಮ, ಕರಪತ್ರದಲ್ಲಿ 'ಕುಮಾರಿ ಚಂಪಕಾ, ಗುಬ್ಬಿ'. ನಾನು ಹೈಸ್ಕೂಲಿಗೆ ಹೋಗುವಾಗಲೂ ಆಕೆ ಕುಮಾರಿಯೇ. ನಮ್ಮ ಸೀಮೆಯ ಹಳ್ಳಿಗಳಲ್ಲಿ ನಾಟಕ ಆಡುವವರು ಊರಿನ ಗಂಡಸರು. ಹೆಣ್ಣು ಪಾತ್ರಕ್ಕೆ ಮಾತ್ರ ಗುಬ್ಬಿಯಿಂದಲೋ ತುಮಕೂರಿನಿಂದಲೋ ಕಲಾವಿದೆಯರನ್ನು ಕರೆಸುತ್ತಿದ್ದರು. ಊರವರು ಮೂರು ತಿಂಗಳು ತಾಲೀಮು ಮಾಡುತ್ತಿದ್ದರು, ಗೋಡೆಯನ್ನೇ ಪ್ರೇಯಸಿ ಎಂದುಕೊಂಡು. ಕಲಾವಿದೆ ಬರುತ್ತಿದ್ದದ್ದು ನಾಟಕದ ದಿನ. ಬಣ್ಣ ಹಚ್ಚಿಕೊಳ್ಳುವಾಗ "ಹೀರೋ ಯಾರಪ್ಪ ಇಲ್ಲಿ?" ಎಂದು ಕೇಳಿ ಗುರುತು ಮಾಡಿಕೊಂಡು, ಮುಂದಿನ ಗಳಿಗೆಯಲ್ಲಿ ಅವನಿಗಾಗಿ ಕಣ್ಣೀರು ಸುರಿಸಬೇಕು.

ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಅಮ್ಮನ ಈ ಕಸುಬಿನಿಂದಲೇ ನನ್ನ ಓದು, ಬಟ್ಟೆ, ಎಮ್ಮೆ ಎಲ್ಲವೂ ನಡೆದದ್ದು. ಬೆಳಗಿನ ಮೊದಲ ಬಸ್ಸಿಗೆ ಇಳಿದು ಬರುತ್ತಿದ್ದಳು. ಕಿವಿಯ ಹಿಂದೆ ಇನ್ನೂ ಗುಲಾಬಿ ಬಣ್ಣ ಉಳಿದಿರುತ್ತಿತ್ತು. ಹಿತ್ತಲಲ್ಲಿ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುವಾಗ ಮಹಾರಾಣಿ ಹೋಗಿ ಸಾಕಮ್ಮ ಬರುತ್ತಿದ್ದಳು. ನನಗೆ ಇವತ್ತಿಗೂ ಕೊಬ್ಬರಿ ಎಣ್ಣೆಯ ವಾಸನೆ ಎಂದರೆ ತಲೆಗೂದಲಲ್ಲ, ಬಣ್ಣ ಬಿಡಿಸಿದ ಬಟ್ಟೆಯ ಚೂರು.

ಇಷ್ಟೊಂದು ಹೆಮ್ಮೆಯಿಂದ ಬರೆಯುತ್ತಿದ್ದೇನಲ್ಲ, ಈ ಮಾತನ್ನು ನಾನು ಪಾಠ ಹೇಳುವ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಒಬ್ಬರಿಗೂ ಹೇಳಿರಲಿಲ್ಲ. ಹೇಳಿರಲಿಲ್ಲ ಎನ್ನುವುದಕ್ಕಿಂತ ಮುಚ್ಚಿಟ್ಟಿದ್ದೆ ಎನ್ನುವುದೇ ಸರಿ. ಅದಕ್ಕೆ ಬರುತ್ತೇನೆ, ಮೊದಲು ನಾಟಕ ನೋಡೋಣ.

ತಿಮ್ಮಯ್ಯ ಮೇಷ್ಟ್ರು ಆ ಹರಿದ ಪುಸ್ತಕವನ್ನು ಕಂದ, ವೃತ್ತ, ಹಾಡು ಎಲ್ಲ ಸೇರಿಸಿ ನಾಟಕ ಮಾಡಿದರು. ನಾಯಕ ವಿಜಯಸಿಂಹ, ನಾಯಕಿ ಮಂದಾಕಿನಿ, ಅವಳನ್ನು ಮದುವೆಯಾಗುವ ದ್ರೋಹಿ ದುರ್ಜಯ. ಹದಿನಾಲ್ಕು ವರ್ಷ ಎಂಬ ಲೆಕ್ಕ ಪುಸ್ತಕದಲ್ಲೇ ಇತ್ತು. ಅದನ್ನು ಕೇಳಿದ ಕೂಡಲೇ ನಮ್ಮ ಜನ ವನವಾಸ ಎಂದುಕೊಂಡು ಕಥೆಯನ್ನು ಸ್ವಂತಕ್ಕೆ ಸೇರಿಸಿಕೊಂಡುಬಿಟ್ಟರು. ಒಂದೊಂದು ಊರಿನವರೂ ಮೇಷ್ಟ್ರ ನೋಟ್‌ಬುಕ್ಕನ್ನು ಬರೆದುಕೊಂಡು ತಮಗೆ ಬೇಕಾದ ಹಾಗೆ ತಿದ್ದಿದರು.

ಕುಣಿಗಲ್ಲಿನವರಿಗೆ ಸಮುದ್ರ ಬೇಡವಾಯಿತು. "ಅಷ್ಟು ದೊಡ್ಡ ಕೆರೆ ಇಟ್ಕೊಂಡು ನಾವ್ಯಾಕೆ ಸಮುದ್ರ ಹುಡ್ಕೋಣ?" ಎಂದು ಸೆರೆಮನೆಯನ್ನು ತಮ್ಮ ಕೆರೆಯ ನಡುವೆಯೇ ಕಟ್ಟಿಸಿದರು. ಅಲ್ಲಿನ ನಾಯಕನಿಗೆ ಇನ್ನೊಂದು ಹಟ: ಸಾಹುಕಾರನಾಗಿ ಬರುವಾಗ ನಿಜವಾದ ಕುದುರೆಯ ಮೇಲೇ ಬರಬೇಕು. ಕುದುರೆಗೆ ಹೆಸರಾದ ಊರು, ಬೇಡ ಎನ್ನುವವರು ಯಾರು? ಒಂದು ಮುದಿ ಜಟಕಾ ಕುದುರೆಯನ್ನು ರಂಗಕ್ಕೆ ಹತ್ತಿಸಿದರು. ಅದು ರಂಗದ ನಡುವೆ ಬಂದು ನಿಂತು, ನಾಯಕ ಇಳಿದ ಮೇಲೂ ಕದಲದೆ, ಇಡೀ ಒಂದು ದೃಶ್ಯ ಪೂರ್ತಿ ದುರ್ಜಯನ ಆಸ್ಥಾನದಲ್ಲೇ ಇತ್ತು. ಅಮ್ಮ ಅದರ ಕುತ್ತಿಗೆ ಸವರುತ್ತಲೇ ವಿರಹದ ಹಾಡು ಹೇಳಿದಳಂತೆ.

ಊರ್ಡಿಗೆರೆಯವರ ನಾಟಕದಲ್ಲಿ ಹೂತಿಟ್ಟ ಹೊನ್ನು ಸಿಕ್ಕಿದ್ದು ದೇವರಾಯನದುರ್ಗದ ಬೆಟ್ಟದ ಗವಿಯಲ್ಲಿ. ಅದನ್ನು ರಂಗದ ಮೇಲೆ ಎಷ್ಟು ವಿವರವಾಗಿ ಹೇಳಿದರೆಂದರೆ, ಮಾರನೆಯ ದಿನ ಇಬ್ಬರು ಹಾರೆ ಹಿಡಿದು ಬೆಟ್ಟಕ್ಕೆ ಹೋಗಿ ಫಾರೆಸ್ಟ್ ಗಾರ್ಡ್ ಕೈಗೆ ಸಿಕ್ಕಿಕೊಂಡರು. ಯಡಿಯೂರಿನ ಕಡೆಯವರಂತೂ ಕೊನೆಯನ್ನೇ ಬದಲಾಯಿಸಿದರು. ಅಲ್ಲಿ ವಿಜಯಸಿಂಹ ಯಾರನ್ನೂ ಕೊಲ್ಲುವುದಿಲ್ಲ. ಸಿಕ್ಕಿದ ಸಂಪತ್ತನ್ನೆಲ್ಲ ದಾಸೋಹಕ್ಕೆ ಹಾಕಿ, ದುರ್ಜಯನ ಕೈಗೆ ಸಾರಿನ ಸೌಟು ಕೊಟ್ಟು, "ಇನ್ನು ಹದಿನಾಲ್ಕು ವರ್ಷ ಬಡಿಸು" ಎನ್ನುತ್ತಾನೆ. ಈ ಕಾದಂಬರಿಯ ಮೇಲೆ ನಾನು ಬೇಕಾದಷ್ಟು ವಿಮರ್ಶೆ ಓದಿದ್ದೇನೆ. ಇದಕ್ಕಿಂತ ಒಳ್ಳೆಯ ಸೇಡು ಯಾರೂ ಸೂಚಿಸಿದ್ದು ಕಂಡಿಲ್ಲ.

ಈ ಎಲ್ಲ ಅವತಾರಗಳಲ್ಲೂ ಮಂದಾಕಿನಿ ಒಬ್ಬಳೇ, ನಮ್ಮಮ್ಮ. ಯಾವ ಊರಿನಲ್ಲಿ ಕೆರೆ, ಯಾವ ಊರಿನಲ್ಲಿ ಕಡಲು, ಎಲ್ಲಿ ಕೊಲೆ, ಎಲ್ಲಿ ಸೌಟು, ಎಲ್ಲವೂ ತಲೆಯಲ್ಲಿತ್ತು. ಊರಿನ ನಾಯಕರು ಜನ ನೋಡಿದ ಕೂಡಲೇ ಮಾತು ಮರೆಯುತ್ತಿದ್ದರು. ಪರದೆಯ ಹಿಂದಿನಿಂದ ಮೇಷ್ಟ್ರು ಹೇಳಿಕೊಟ್ಟರೆ ಮೊದಲ ಸಾಲಿನವರಿಗೆ ಕೇಳಿಸಿಬಿಡುತ್ತದೆ. ಅಮ್ಮ ಅದಕ್ಕೊಂದು ದಾರಿ ಮಾಡಿಕೊಂಡಿದ್ದಳು. ನಾಯಕ ಬಾಯಿ ತೆರೆದು ನಿಂತರೆ ಸಾಕು, "ಪ್ರಿಯಾ, ಏಕೀ ಮೌನ? ಯಜಮಾನರು ಹಡಗನ್ನೇ ನಿನ್ನ ವಶಕ್ಕೆ ಕೊಟ್ಟ ಸಂತೋಷವನ್ನು ನನ್ನೆದುರು ಹೇಳಲು ನಾಚಿಕೆಯೇ?" ಎಂದು ಕೇಳುತ್ತಿದ್ದಳು. ಅವನು ಬದುಕಿದೆಯಾ ಬಡಜೀವವೇ ಎಂದುಕೊಂಡು, "ಹೌದು ಪ್ರಿಯೆ, ಯಜಮಾನರು ಹಡಗನ್ನೇ ನನ್ನ ವಶಕ್ಕೆ ಕೊಟ್ಟರು" ಎನ್ನುತ್ತಿದ್ದ. ಚಪ್ಪಾಳೆ ಅವನಿಗೆ.

ಈಗ ಗಡ್ಡದ ವಿಷಯಕ್ಕೆ ಬರಬೇಕು. ಇದನ್ನು ತಿಮ್ಮಯ್ಯ ಮೇಷ್ಟ್ರು ನನಗೆ ಕಡಿಮೆಯೆಂದರೆ ಇಪ್ಪತ್ತು ಸಲ ಹೇಳಿದ್ದಾರೆ.

ಸಿ.ಎಸ್. ಪುರದ ಹತ್ತಿರದ ಒಂದು ಹಳ್ಳಿ. ಅಕ್ಕಿ ಗಿರಣಿಯ ಶಿವಣ್ಣ ನಾಯಕ. ನಮ್ಮ ಕಡೆ ಒಂದು ಪದ್ಧತಿ ಇದೆ: ಪಾತ್ರಧಾರಿಯ ನೆಂಟರು ಆಟದ ನಡುವೆಯೇ ರಂಗ ಹತ್ತಿ ಅವನಿಗೆ ಹಾರ ಹಾಕಿ, ಶಾಲು ಹೊದಿಸಿ, ಮೈಕಿನಲ್ಲಿ ಹೆಸರು ಹೇಳಿಸುತ್ತಾರೆ. ಕಥೆ ಅಷ್ಟು ಹೊತ್ತು ಕಾಯುತ್ತದೆ. ಶಿವಣ್ಣನ ಮಾವನ ಮನೆಯವರು ಹಾರ, ಶಾಲು, ಒಂದು ಬುಟ್ಟಿ ಹಣ್ಣು ಹೊತ್ತುಕೊಂಡು ರಂಗ ಹತ್ತಿದರು. ಅವರು ಹತ್ತಿದ್ದು ಸಾಹುಕಾರ ಮಾರುವೇಷದಲ್ಲಿ ದುರ್ಜಯನ ಔತಣಕ್ಕೆ ಬಂದ ದೃಶ್ಯದಲ್ಲಿ. ಶಿವಣ್ಣನ ಮುಖದ ತುಂಬ ಎದೆಯವರೆಗೆ ಗಡ್ಡ. ಮಾವನಿಗೆ ಅಳಿಯ ಯಾರೆಂದು ತಿಳಿಯಲಿಲ್ಲ. ನುಣ್ಣಗೆ ಮುಖ ಬೋಳಿಸಿಕೊಂಡು ಜರತಾರಿ ಅಂಗಿಯಲ್ಲಿ ಮಿಂಚುತ್ತಿದ್ದ ದುರ್ಜಯನಿಗೆ ಹಾರ ಹಾಕಿಬಿಟ್ಟರು. ಶಾಲನ್ನೂ ಹೊದಿಸಿದರು. ದುರ್ಜಯ ಕೈ ಮುಗಿದು ಎಲ್ಲವನ್ನೂ ಸ್ವೀಕರಿಸಿದ, ದ್ರೋಹಿಯ ಪಾತ್ರಕ್ಕೆ ತಕ್ಕ ಹಾಗೆ.

ಶಿವಣ್ಣನಿಗೆ ತಡೆಯಲಾಗಲಿಲ್ಲ. "ಮಾವಾ, ನಾನಿಲ್ಲಿ ಇವ್ನಿ ಕಣ್ರೀ!" ಎಂದು ಕೂಗಿ ಗಡ್ಡ ಕಿತ್ತು ಕೈಯಲ್ಲಿ ಹಿಡಿದ.

ನೋಡಿ, ಇಡೀ ಕಥೆ ನಿಂತಿರುವುದೇ ಅವನು ಯಾರೆಂದು ಯಾರಿಗೂ ತಿಳಿಯಬಾರದು ಎಂಬುದರ ಮೇಲೆ. ಇನ್ನೂ ನಾಲ್ಕು ದೃಶ್ಯ ಬಾಕಿ. ಎದುರಿಗೆ ದುರ್ಜಯ, ಮೈಮೇಲೆ ಇನ್ನೊಬ್ಬರ ಶಾಲು ಹೊದ್ದುಕೊಂಡು, ಬರಿಮುಖದ ವಿಜಯಸಿಂಹನನ್ನು ನೋಡುತ್ತಾ ನಿಂತಿದ್ದಾನೆ. ಜನ ಹೋ ಎನ್ನುತ್ತಿದ್ದಾರೆ. ಮೇಷ್ಟ್ರು ಹಾರ್ಮೋನಿಯಂನ ಒಂದೇ ಮನೆಯನ್ನು ಒತ್ತಿ ಹಿಡಿದುಕೊಂಡು ಮನೆದೇವರನ್ನು ನೆನೆಯುತ್ತಿದ್ದಾರೆ. ಆಗ ತನ್ನ ಪ್ರವೇಶವೇ ಇಲ್ಲದ ದೃಶ್ಯಕ್ಕೆ ಅಮ್ಮ ನಡೆದು ಬಂದಳು. ನೆಂಟರನ್ನು ದಾಟಿ, ಹಣ್ಣಿನ ಬುಟ್ಟಿಯನ್ನು ದಾಟಿ, ನೇರ ಶಿವಣ್ಣನ ಮುಂದೆ ನಿಂತಳು.

"ಸ್ವಾಮಿ, ಈ ಗಡ್ಡ ಕಳಚುವ ಅಗತ್ಯವಿರಲಿಲ್ಲ. ನೀವು ಹೊಸ್ತಿಲು ದಾಟಿ ಕೆಮ್ಮಿದಾಗಲೇ ನಾನು ನಿಮ್ಮನ್ನು ಗುರುತಿಸಿದೆ. ಪೊರೆ ಬಂದಿರುವುದು ಈ ಅರಮನೆಯವರ ಕಣ್ಣಿಗೆ, ನನ್ನ ಕಿವಿಗಲ್ಲ. ಮತ್ತೆ ಧರಿಸಿಕೊಳ್ಳಿ. ನಿಮ್ಮ ಕೆಲಸ ಮುಗಿಯುವವರೆಗೆ ಈ ಮಂದಾಕಿನಿ ಬಾಯಿ ಬಿಡುವುದಿಲ್ಲ."

ಹೇಳಿ ಅವನ ಕೈಯಿಂದ ಗಡ್ಡ ತೆಗೆದುಕೊಂಡು ತಾನೇ ಅವನ ಕಿವಿಗೆ ಸಿಕ್ಕಿಸಿದಳು. ಆಮೇಲೆ ದುರ್ಜಯನ ಕಡೆ ತಿರುಗಿ, "ನಾಥಾ, ಮದ್ಯದ ಅಮಲಿನಲ್ಲಿ ಏನೇನೋ ಕಂಡಂತಾಯಿತೇ? ಒಳಗೆ ನಡೆಯಿರಿ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಜನ ಎದ್ದು ನಿಂತರು. ಒನ್ಸ್ ಮೋರ್ ಎಂದು ಕೂಗಿದರು. ಶಿವಣ್ಣ ಇನ್ನೊಂದು ಸಲ ಗಡ್ಡ ಕಿತ್ತ, ಅಮ್ಮ ಇನ್ನೊಂದು ಸಲ ಸಿಕ್ಕಿಸಿದಳು.

ಅಲ್ಲಿಂದಾಚೆಗೆ ನಮ್ಮ ಸೀಮೆಯಲ್ಲಿ ಆ ನಾಟಕ ಹಾಗೇ ನಡೆಯಿತು. ಮಂದಾಕಿನಿ ಮೊದಲೇ ಗುರುತಿಸುತ್ತಾಳೆ, ಗುರುತಿಸಿ ಸುಮ್ಮನಿರುತ್ತಾಳೆ. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಆ ಮಾತುಗಳನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡರು. "ಪುಸ್ತಕ ಬರೆದೋನಿಗಿಂತ ನಿಮ್ಮಮ್ಮನೇ ವಾಸಿ ಕಣಮ್ಮ" ಎಂದು ನನ್ನ ಮುಂದೆ ಎಷ್ಟೋ ಸಲ ಹೇಳಿದರು.

ಮುಂದೆ ನಾನು ಎಂ.ಎ.ಗೆ ಮೈಸೂರಿಗೆ ಹೋದೆ. ಅಲ್ಲಿಯ ಲೈಬ್ರರಿಯಲ್ಲಿ ಆ ಕಾದಂಬರಿಯ ಪೂರ್ತಿ ಇಂಗ್ಲಿಷ್ ಅನುವಾದ ಸಿಕ್ಕಿತು. ಇಟ್ಟಿಗೆಯ ಹಾಗಿತ್ತು. ನಮ್ಮ ಮನೆಯ ಹರಿದ ಪುಸ್ತಕ ಅದರ ಕಾಲು ಭಾಗವೂ ಇರಲಿಲ್ಲ. ಯಾರೋ ಸಂಗ್ರಹ ಮಾಡಿ ಬಿಸಾಡಿದ್ದರು. ಹಾಸ್ಟೆಲಿನ ಮಂಚದ ಮೇಲೆ ಕೂತು ಓದುತ್ತಾ ಹೋದೆ. ಸಾಹುಕಾರ ಬಂದ ಜಾಗ ಸಿಕ್ಕಿತು. ಅಲ್ಲಿ ಆ ಹೆಂಗಸು ಅವನನ್ನು ಮೊದಲ ಭೇಟಿಯಲ್ಲೇ ಗುರುತಿಸುತ್ತಾಳೆ, ಧ್ವನಿಯಿಂದ. ಎಲ್ಲರಿಗಿಂತ ಮೊದಲು. ಗುರುತಿಸಿ ಬಾಯಿ ಬಿಡುವುದಿಲ್ಲ.

ನಾನು ಪುಸ್ತಕ ಮಡಿಸಿ ಅಳುತ್ತಾ ಕೂತುಬಿಟ್ಟೆ. ಎಲ್ಲಿಯ ದೇಶ, ಎಷ್ಟು ವರ್ಷದ ಹಿಂದಿನ ಲೇಖಕ, ಅವನು ಕೂತು ಯೋಚಿಸಿ ಬರೆದದ್ದನ್ನು ನಮ್ಮಮ್ಮ ಸಿ.ಎಸ್. ಪುರದ ಹತ್ತಿರದ ಒಂದು ಚಪ್ಪರದಲ್ಲಿ, ಹಣ್ಣಿನ ಬುಟ್ಟಿಯ ಪಕ್ಕ ನಿಂತು, ಅರೆಗಳಿಗೆಯಲ್ಲಿ ಕಂಡುಕೊಂಡಿದ್ದಳು. ರಜೆಗೆ ಊರಿಗೆ ಹೋದಾಗ ಹೇಳಿದೆ. ಅಮ್ಮ ರಾಗಿ ಮುದ್ದೆ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ಮತ್ತೆ? ಮೆಚ್ಚಿದ ಗಂಡು ಕೆಮ್ಮುದ್ರೆ ಗೊತ್ತಾಗಾಕಿಲ್ವಾ? ಆವಯ್ಯಂಗೂ ಗೊತ್ತಿತ್ತು ಅನ್ನು. ಒಳ್ಳೇದಾಯ್ತು."

ಆವಯ್ಯ ಎಂದರೆ ಕಾದಂಬರಿಕಾರ. ಅಮ್ಮ ಅವನನ್ನು ಪಾಸು ಮಾಡಿದಳು.

ಇದಾದ ಮೇಲೆ ಆ ಕಥೆಯ ಎಷ್ಟು ಸಿನಿಮಾ, ಎಷ್ಟು ಧಾರಾವಾಹಿ ನೋಡಿದೆವೋ ಲೆಕ್ಕವಿಲ್ಲ. ಟೆಂಟಿನಲ್ಲಿ ನೋಡಿದ್ದರಲ್ಲಿ ಸೆರೆಮನೆಯಲ್ಲೂ ನೃತ್ಯವಿತ್ತು. ಹಿಂದಿಯಲ್ಲಿ ಬಂದದ್ದರಲ್ಲಿ ಸಾಹುಕಾರ ಹೆಲಿಕಾಪ್ಟರಿನಿಂದ ಇಳಿದ. ಡಬ್ಬಿಂಗ್ ಧಾರಾವಾಹಿಯಲ್ಲಿ ಅವನಿಗೆ ಪ್ಲಾಸ್ಟಿಕ್ ಸರ್ಜರಿ ಆಗಿತ್ತು. "ಗಂಟ್ಲಿಗೂ ಸರ್ಜರಿ ಮಾಡವ್ರಾ?" ಎಂದು ಅಮ್ಮ ಕೇಳಿದಳು. ಎಲ್ಲವನ್ನೂ ಆಕೆ ಅಳೆಯುವುದು ಒಂದೇ ಗಜಕಡ್ಡಿಯಲ್ಲಿ: ಹುಡುಗಿಗೆ ಯಾವಾಗ ಗುರುತು ಸಿಕ್ಕಿತು?

ಸರಿ, ಈಗ ನನ್ನ ಸುಳ್ಳಿಗೆ ಬರಲೇಬೇಕು. ಎಷ್ಟು ಸುತ್ತಿದರೂ ದಾರಿ ಅಲ್ಲಿಗೇ ಬರುತ್ತದೆ.

ಗುಬ್ಬಿಯ ಶಾಲೆಯಲ್ಲಿ ನನಗೆ ಇದ್ದ ಹೆಸರು 'ನಾಟ್ಕದೋಳ ಮಗ್ಳು'. ವಾರ್ಷಿಕೋತ್ಸವಕ್ಕೆ ನನ್ನನ್ನು ಏಕಪಾತ್ರಾಭಿನಯಕ್ಕೆ ಎಬ್ಬಿಸಿದ ಒಬ್ಬರು ಮೇಷ್ಟ್ರು, "ನಿಂಗೇನಮ್ಮ ಹೇಳ್ಕೊಡೋದು, ಮನೆ ವಿದ್ಯೆ" ಎಂದು ಒಂದು ಥರ ನಕ್ಕರು. ಆ ನಗುವಿನ ಅರ್ಥ ಆಗ ಪೂರ್ತಿ ತಿಳಿಯದಿದ್ದರೂ ಮುಖ ಬಿಸಿಯಾದದ್ದು ನೆನಪಿದೆ. ಅವತ್ತೇ ಗಟ್ಟಿ ಮಾಡಿಕೊಂಡೆ, ಮುಂದೆ ಹೋದಲ್ಲಿ ಯಾರಿಗೂ ಹೇಳಬಾರದು. ಮದುವೆಯಾಗುವವರಿಗೆ ಮಾತ್ರ ಹೇಳಿದೆ. ಅವರು ಸಿ.ಎಸ್. ಪುರದ ಕಡೆಯವರು. "ನಿಮ್ಮಮ್ಮನ ಪಾರ್ಟು ನೋಡೋಕೆ ಮರ ಹತ್ತಿದೋನು ನಾನು" ಎಂದರು. ಹಾಗಾಗಿ ಮನೆಯಲ್ಲಿ ತೊಂದರೆಯಾಗಲಿಲ್ಲ.

ತುಮಕೂರಿನ ಕಾಲೇಜಿಗೆ ಸೇರಿದ ಮೊದಲ ವಾರ, ಸ್ಟಾಫ್ ರೂಮಿನಲ್ಲಿ ಕನ್ನಡದ ವಸಂತಾ ಮೇಡಂ ಹೊಸ ಸೀರೆಯ ಬ್ಲೌಸ್ ಪೀಸನ್ನು ಮೇಜಿನ ಮೇಲೆ ಹರಡಿಕೊಂಡು, ಊರಿನ ದರ್ಜಿಗಳನ್ನೆಲ್ಲ ಬೈಯುತ್ತಿದ್ದರು. ನಡುವೆ ನನ್ನನ್ನು ಕೇಳಿದರು, "ನಿಮ್ಮ ತಾಯಿ ಏನ್ ಮಾಡ್ತಾರೆ ವಿಮಲಾ?"

ಎದುರಿಗಿದ್ದ ಬಟ್ಟೆಯೇ ಬಾಯಿಗೆ ಬಂತು. "ಹೊಲಿಗೆ ಮಾಡ್ತಾರೆ" ಎಂದೆ. ಅವರ ಮುಖ ಅರಳಿದ್ದನ್ನು ನೋಡಿ, "ಈಗ ಹೊರಗಿನವರಿಗೆ ಹೊಲಿಯಲ್ಲ" ಎಂದು ಗಾಬರಿಯಲ್ಲಿ ಸೇರಿಸಿದೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನಮ್ಮಮ್ಮನಿಗೆ ಗುಂಡಿ ಹಚ್ಚಲೂ ಬರುವುದಿಲ್ಲ.

ನನ್ನ ಮದುವೆಯ ವರ್ಷವೇ ಅಮ್ಮ ನಾಟಕ ಬಿಟ್ಟು ನಮ್ಮ ಜೊತೆ ತುಮಕೂರಿಗೆ ಬಂದಿದ್ದಳು. ಮಂಡಿ ನೋವು ಎಂದಿದ್ದಳು. ನಾನು ನಂಬಿದ್ದೆ, ನಂಬುವುದು ಅನುಕೂಲವಾಗಿತ್ತು. ಕಾಲೇಜಿನ ಯಾವ ಸಮಾರಂಭಕ್ಕೂ ಅವಳನ್ನು ಕರೆದುಕೊಂಡು ಹೋಗಲಿಲ್ಲ. ಅವಳೂ ಬರುತ್ತೇನೆ ಎನ್ನಲಿಲ್ಲ. ವರ್ಷಗಟ್ಟಲೆ ಆ ಕಾದಂಬರಿಯ ಒಂದು ಭಾಗವನ್ನು ತರಗತಿಯಲ್ಲಿ ಪಾಠ ಮಾಡಿದೆ, 'ಗುರುತಿಸುವ ದೃಶ್ಯ' ಎಂದು ಬೋರ್ಡಿನ ಮೇಲೆ ಬರೆದು, ಪಾಂಡಿತ್ಯ ಮೆರೆದು. ಆ ದೃಶ್ಯವನ್ನು ಬದುಕಿದವಳು ಎರಡು ಕಿಲೋಮೀಟರ್ ದೂರದಲ್ಲಿ ನನ್ನ ಮಗಳಿಗೆ ಜಡೆ ಹಾಕುತ್ತಿದ್ದಳು.

ಈ ವರ್ಷ ವಸಂತಾ ಮೇಡಂ ವಿದ್ಯಾರ್ಥಿಗಳಿಂದ ಅದೇ ಕಥೆಯನ್ನು ನಾಟಕ ಮಾಡಿಸಲು ಹೊರಟರು. ವೆಬ್ ಸೀರೀಸ್ ನೋಡಿದ ಹುಡುಗರಿಗೆ ಹುಚ್ಚು ಹಿಡಿದಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕೂತರು.

"ವಿಮಲಾ, ಕುಣಿಗಲ್ಲಿನಲ್ಲಿ ಒಬ್ಬರು ಹಿರಿಯರು ಸಿಕ್ಕಿದ್ರು. ಈ ಕಥೆಯನ್ನು ನಮ್ಮ ಕಡೆ ಹಳ್ಳಿ ಹಳ್ಳಿಯಲ್ಲಿ ಆಡ್ತಿದ್ರಂತೆ ಕಣ್ರೀ! ಅದರಲ್ಲಿ ನಾಯಕಿ ಮೊದಲೇ ಗುರುತು ಹಿಡಿಯೋದಂತೆ. ಕುಮಾರಿ ಚಂಪಕಾ ಅಂತ ನಿಮ್ಮ ಗುಬ್ಬಿಯವರು ಮಾಡ್ತಿದ್ರಂತೆ. ಆ ಹಿರಿಯರು ಆಕೆ ಹೆಸರು ಹೇಳುವಾಗ ಎದ್ದು ನಿಂತ್ಕೊಂಡ್ರು. ಬದುಕಿದ್ರೆ ಕರ್ಕೊಂಡು ಬಂದು ನಮ್ಮ ಮಕ್ಕಳಿಗೆ ತೋರಿಸ್ಬೇಕು. ನಿಮಗೆ ಗೊತ್ತಾ?"

"ವಿಚಾರಿಸ್ತೀನಿ" ಎಂದೆ.

ನೋಡಿ ನನ್ನ ಯೋಗ್ಯತೆಯನ್ನು! ಕಲಿತ ಇಂಗ್ಲಿಷೆಲ್ಲ, ಕನ್ನಡವೆಲ್ಲ ಆ ಒಂದು ಪದಕ್ಕೆ ಬಂದು ನಿಂತಿತು. ಮೂರು ದಿನ ಅನ್ನ ರುಚಿಸಲಿಲ್ಲ. ಹೇಳಿದರೆ ಇಪ್ಪತ್ತೊಂಬತ್ತು ವರ್ಷದ ಸುಳ್ಳುಗಾರ್ತಿ ಎಂದು ಗೊತ್ತಾಗುತ್ತದೆ. ಮುಂದಿನ ವರ್ಷ ನಿವೃತ್ತಿ, ಹೇಳದೆ ದಾಟಿಬಿಡಬಹುದು. ಆದರೆ ಅಮ್ಮನಿಗೆ ಎಂಬತ್ತೊಂದು. ಯಾರೋ ಎದ್ದು ನಿಂತು ಅವಳ ಹೆಸರು ಹೇಳುತ್ತಿದ್ದಾರೆ, ಮಗಳಾದ ನಾನು ಕೂತೇ ಇದ್ದೇನೆ. ಇನ್ನೊಂದು ಸಲ ಈ ಅವಕಾಶ ಬರುವುದಿಲ್ಲ ಎಂದು ಗೊತ್ತಿತ್ತು. ನಾಲ್ಕನೆಯ ದಿನ ಅಮ್ಮನ ಮುಂದೆ 'ವಿಚಾರಿಸ್ತೀನಿ' ಎಂದದ್ದೂ ಸೇರಿ ಎಲ್ಲವನ್ನೂ ಹೇಳಿದೆ. ಹೊಲಿಗೆಯ ಮಾತೊಂದನ್ನು ಮಾತ್ರ ನುಂಗಿಕೊಂಡೆ.

ಅಮ್ಮ, "ಗೊತ್ತಿಲ್ಲ ಅಂದ್ಬುಡು. ನಿಂಗ್ಯಾಕೆ ಈ ವಯಸ್ನಲ್ಲಿ ಮುಜುಗ್ರ" ಎಂದಳು. ಕೋಪದಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಪ್ರೀತಿಯಿಂದಲೇ ಅಂದಳು. ಮಾರನೆಯ ದಿನ ಅವಳಿಗೆ ಹಸಿರು ರೇಷ್ಮೆ ಸೀರೆ ಉಡಿಸಿ ಆಟೋ ಹತ್ತಿಸಿದೆ.

ಕಾಲೇಜಿನ ಸಭಾಂಗಣದಲ್ಲಿ ಬೆಳಗಿನ ತಾಲೀಮು ನಡೆಯುತ್ತಿತ್ತು. ನಾಯಕಿಯ ಪಾತ್ರದ ಹುಡುಗಿ ಕಣ್ಣು ಅರಳಿಸಿ, ಎದೆಯ ಮೇಲೆ ಕೈಯಿಟ್ಟು ಗುರುತಿಸುತ್ತಿದ್ದಳು. ವಸಂತಾ ಮೇಡಂ ಬೆನ್ನು ನಮ್ಮ ಕಡೆಗಿತ್ತು. ನಾನು ಅಮ್ಮನ ಕೈ ಹಿಡಿದು ನಡೆಸಿಕೊಂಡು ಹೋಗಿ ಮಕ್ಕಳ ನಡುವೆ ನಿಲ್ಲಿಸಿದೆ.

"ಕುಮಾರಿ ಚಂಪಕಾ, ಗುಬ್ಬಿ" ಎಂದೆ. "ಇವರು ನನ್ನ ತಾಯಿ. ಇಷ್ಟು ವರ್ಷ ನಿಮಗೆಲ್ಲ ಸುಳ್ಳು ಹೇಳಿದ್ದೆ. ಇವರಿಗೆ ಹೊಲಿಗೆ ಬರೋದಿಲ್ಲ. ಇವರು ನಾಟಕದ ಕಲಾವಿದೆ."

ವಸಂತಾ ಮೇಡಂ ತಿರುಗಿದರು. ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅಮ್ಮನನ್ನು ನೋಡಿದರು.

"ಹೊಲಿಗೆ ಬರಲ್ವಾ? ಏನ್ ಹೇಳ್ತಿದೀರಿ ವಿಮಲಾ? ಹನ್ನೊಂದು ವರ್ಷ ನನ್ನ ಬ್ಲೌಸೆಲ್ಲ ಹೊಲಿದು ಕೊಟ್ಟವರು ಇವರೇ! ನೀವು ಕ್ಲಾಸಲ್ಲಿರುವಾಗ ಮನೆಗೆ ಹೋಗಿ ಕೊಟ್ಟು ಬರ್ತಿದ್ದೆ. ಈ ವಯಸ್ಸಲ್ಲಿ ಹೊಲೀತೀನಿ ಅಂದ್ರೆ ಮಗಳು ಬೈತಾಳೆ, ಹೇಳ್ಬೇಡಿ ಅಂದಿದ್ರು. ಅದಕ್ಕೇ ನಾನು ಬಾಯಿ ಬಿಟ್ಟಿರಲಿಲ್ಲ."

ನನಗೆ ಏನೂ ಅರ್ಥವಾಗಲಿಲ್ಲ. ಅಮ್ಮನ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ನಾನೆಲ್ಲಿ ಹೊಲಿದೆ? ಮಂಡಿಪೇಟೇಲಿ ಒಬ್ಬ ಟೈಲರ್ ಇದ್ದ, ಅವ್ನು ಅಂಗ್ಡಿ ಮುಚ್ಚೋವರ್ಗೂ ಅವ್ನ ಕೈಲಿ ಹೊಲಿಸ್ತಿದ್ದೆ. ಅಳ್ತೆ ಮಾತ್ರ ನಾನು ತಗೋತಿದ್ದೆ, ಕುತ್ಗೆಗೆ ಟೇಪ್ ಹಾಕ್ಕಂಡು."

"ಯಾಕಮ್ಮ?" ಎಂದೆ.

"ಇನ್ನೇನ್ ಮಾಡ್ಲಿ? 'ನಿಮ್ಮ ಮಗ್ಳು ಹೇಳಿದ್ರು, ನೀವು ಹೊಲೀತೀರಂತೆ' ಅಂತ ಇವ್ರು ಬಟ್ಟೆ ಹಿಡ್ಕಂಡು ಬಾಗ್ಲಲ್ಲಿ ನಿಂತ್ರು. ನಂಗೆ ಬರಾಕಿಲ್ಲ ಅಂದ್ರೆ ನನ್ ಮಗ್ಳು ಸುಳ್ಳುಗಾತಿ ಆಗೋಗ್ತಿದ್ಲು. ಹೊಸ ಕೆಲ್ಸ ಬೇರೆ ನಿಂಗೆ."

ನಾನು ನನ್ನ ವಿದ್ಯಾರ್ಥಿಗಳ ಎದುರಿಗೇ ಅತ್ತುಬಿಟ್ಟೆ. ವಸಂತಾ ಮೇಡಂ ಅಮ್ಮನ ಎರಡೂ ಕೈ ಹಿಡಿದುಕೊಂಡರು. ಅಮ್ಮ ಅವರ ಮುಖವನ್ನೇ ನೋಡುತ್ತಾ, ಸ್ವಲ್ಪ ಆಸೆಯಿಂದ ಕೇಳಿದಳು.

"ನಿಮ್ಗೆ ಒಂದಿನಾನಾದ್ರೂ ಅನ್ಮಾನ ಬಂದಿತ್ತಾ ಮೇಡಂ?"

"ಇಲ್ಲಮ್ಮ. ಒಂದು ದಿನವೂ ಇಲ್ಲ."

ಅಮ್ಮ ನೆಟ್ಟಗೆ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ಕೊನೆಯ ಬೆಂಚಿನವರಿಗೂ ಕೇಳುವ ಆ ಗಂಟಲಿನಲ್ಲಿ, "ನೋಡ್ದಾ? ಹನ್ನೊಂದು ವರ್ಷ ಕಣೇ ವಿಮ್ಲಾ, ಒಬ್ರ ಕೈಲೂ ಸಿಕ್ಕಾಕ್ಕೊಳ್ಳಿಲ್ಲ" ಎಂದಳು.